ಬ್ರಿಟನ್ನಿನ ಕಣಿವೆ ರೈಲುಮಾರ್ಗಗಳು: ಕಟ್ಟಿದವರ ಲೆಕ್ಕ, ಮುಚ್ಚಿದವರ ಲೆಕ್ಕ

ಬ್ರಿಟನ್ನಿನ ರೈಲ್ವೆ ಇತಿಹಾಸವೆಂದರೆ ಲಿವರ್‌ಪೂಲ್–ಮ್ಯಾಂಚೆಸ್ಟರ್, ಲಂಡನ್–ಬರ್ಮಿಂಗ್‌ಹ್ಯಾಂ ಮುಂತಾದ ಪ್ರಧಾನ ಮಾರ್ಗಗಳ ಇತಿಹಾಸವೆಂದೇ ಸಾಮಾನ್ಯವಾಗಿ ಭಾವಿಸಲಾಗುತ್ತದೆ. ಆದರೆ ಆ ದೇಶದ ನಕ್ಷೆಯನ್ನು ಬಿಡಿಸಿ ನೋಡಿದರೆ, ನದಿಗಳ ಜಾಡು ಹಿಡಿದು ಗುಡ್ಡಗಳ ಸಂದಿಗೆ ಹೋಗಿ ಯಾವುದೋ ಸಣ್ಣ ಊರಿನಲ್ಲಿ ಕೊನೆಗೊಳ್ಳುವ ಶಾಖಾ ಮಾರ್ಗಗಳು ನೂರಾರು ಕಾಣುತ್ತವೆ. ಇವುಗಳನ್ನು ಹಾಕಿದ್ದು ಸರ್ಕಾರವಲ್ಲ. ಅನೇಕ ಸಂದರ್ಭಗಳಲ್ಲಿ ದೊಡ್ಡ ಕಂಪನಿಗಳೂ ಅಲ್ಲ. ಆಯಾ ಊರಿನ ವರ್ತಕರು, ಹಡಗಿನ ಮಾಲೀಕರು, ಗಣಿ ಮತ್ತು ಗಿರಣಿಗಳ ಒಡೆಯರು, ಜಮೀನುದಾರರು ತಮ್ಮತಮ್ಮಲ್ಲೇ ಷೇರು ಹಣ ಕೂಡಿಸಿ ಹಾಕಿದ ಮಾರ್ಗಗಳಿವು. ಅವರ ಮುಖ್ಯ ಉದ್ದೇಶ ಲಾಭಾಂಶವಾಗಿರಲಿಲ್ಲ. ಊರಿಗೆ ಬರುವ ಕಲ್ಲಿದ್ದಲಿನ ಬೆಲೆ ಇಳಿಯಬೇಕು, ಊರಿನಿಂದ ಹೊರಡುವ ಸರಕು ದೂರದ ಮಾರುಕಟ್ಟೆಯಲ್ಲಿ ಸ್ಪರ್ಧಿಸುವಂತಾಗಬೇಕು ಎಂಬುದೇ ಅವರ ಬಯಕೆ. ರೈಲು ಕಂಪನಿಯ ಲಾಭ ಬೇರೆ, ರೈಲಿನಿಂದ ಊರಿಗಾಗುವ ಲಾಭ ಬೇರೆ ಎಂಬ ಈ ವ್ಯತ್ಯಾಸವನ್ನು ಗಮನದಲ್ಲಿಟ್ಟುಕೊಂಡರೆ, ಮುಂದೆ ಈ ಮಾರ್ಗಗಳಿಗೆ ಒದಗಿದ ಗತಿ ಅರ್ಥವಾಗುತ್ತದೆ.

ಕಣಿವೆಯನ್ನೇ ಹಿಡಿದದ್ದೇಕೆ?

ಉಕ್ಕಿನ ಹಳಿಯ ಮೇಲೆ ಉಕ್ಕಿನ ಚಕ್ರ ಉರುಳುವಾಗ ಘರ್ಷಣೆ ಅತ್ಯಲ್ಪ. ಸಮತಟ್ಟಾದ ನೆಲದಲ್ಲಿ ಇದು ದೊಡ್ಡ ಅನುಕೂಲ. ಏರುದಾರಿಯಲ್ಲಿ ಅದೇ ದೊಡ್ಡ ತೊಡಕು. ಐವತ್ತು ಅಡಿ ಮುಂದೆ ಹೋದರೆ ಒಂದು ಅಡಿ ಏರುವ ದಾರಿಯನ್ನೂ ರೈಲ್ವೆ ಎಂಜಿನಿಯರುಗಳು ಕಡಿದೆಂದೇ ಎಣಿಸುತ್ತಾರೆ. ಎತ್ತಿನ ಗಾಡಿ ಸಲೀಸಾಗಿ ಏರುವ ದಿಬ್ಬವನ್ನು ಸರಕು ತುಂಬಿದ ರೈಲು ಏರಲಾರದು. ಸಾವಿರಾರು ವರ್ಷಗಳ ಕಾಲ ಹರಿದು ಗುಡ್ಡಗಳ ನಡುವೆ ಹದವಾದ ಇಳಿಜಾರನ್ನು ಕೊರೆದಿಟ್ಟ ನದಿಯೇ ಇಂಥ ಕಡೆ ಅಗ್ಗದ ಎಂಜಿನಿಯರು. ಅದೂ ಅಲ್ಲದೆ ಗಣಿ, ಕಲ್ಲುಗಣಿ, ನೀರಿನ ಬಲದಿಂದ ನಡೆಯುವ ಗಿರಣಿಗಳು ಕಣಿವೆಗಳಲ್ಲಿದ್ದವು. ನದಿ ಕಡಲನ್ನು ಸೇರುವಲ್ಲಿ ಬಂದರು ಇರುತ್ತಿತ್ತು. ಹೀಗಾಗಿ ಸರಕು, ದಾರಿ, ಬಂದರು ಮೂರೂ ಒಂದೇ ಗೆರೆಯ ಮೇಲೆ ಕೂಡಿಬಂದವು. ನದಿ ಸುತ್ತುಬಳಸಿ ಹರಿಯುವಷ್ಟೂ ಸೇತುವೆಗಳ ಖರ್ಚು ಏರುತ್ತಿತ್ತೆಂಬುದೂ ನಿಜ.

ಮಾರ್ಗ ಹಾಕಲು ಪಾರ್ಲಿಮೆಂಟಿನಿಂದ ಪ್ರತ್ಯೇಕ ಕಾಯಿದೆಯೊಂದನ್ನು ಪಡೆಯಬೇಕಿತ್ತು. ಅದಿಲ್ಲದೆ ಒಪ್ಪದ ಜಮೀನುದಾರನಿಂದ ಭೂಮಿಯನ್ನು ಕೊಳ್ಳುವ ಅಧಿಕಾರವಿರಲಿಲ್ಲ. ವಕೀಲರ ಶುಲ್ಕ, ಸಮೀಕ್ಷೆ, ವಿಚಾರಣೆ ಇವುಗಳಿಗೇ ಹಣ ಸೋರಿಹೋಗಿ, ಹಳಿ ಹಾಕುವ ಹೊತ್ತಿಗೆ ಬಂಡವಾಳ ಬರಿದಾಗುತ್ತಿದ್ದುದು ಅಪರೂಪವೇನಲ್ಲ. ಎಂಜಿನ್ನು, ಗಾಡಿ ಕೊಳ್ಳಲು ಹಣವಿಲ್ಲದ ಸಣ್ಣ ಕಂಪನಿ ನೆರೆಯ ದೊಡ್ಡ ಕಂಪನಿಯೊಡನೆ ಕರಾರು ಮಾಡಿಕೊಳ್ಳುತ್ತಿತ್ತು. ದೊಡ್ಡ ಕಂಪನಿ ರೈಲು ಓಡಿಸುವುದು, ವಸೂಲಿಯ ಅರ್ಧದಷ್ಟನ್ನು ತಾನಿಟ್ಟುಕೊಂಡು ಉಳಿದದ್ದನ್ನು ಕೊಡುವುದು ಸಾಮಾನ್ಯ ಪದ್ಧತಿ. ಕೆಲವು ವರ್ಷಗಳ ತರುವಾಯ ಸಣ್ಣ ಕಂಪನಿ ಸಿಕ್ಕ ಬೆಲೆಗೆ ದೊಡ್ಡದರೊಳಗೆ ಕರಗಿಹೋಗುತ್ತಿತ್ತು. ಷೇರುದಾರ ನಷ್ಟ ಅನುಭವಿಸಿದ. ಆದರೆ ಅದೇ ಷೇರುದಾರ ಊರಿನ ವರ್ತಕನಾಗಿ ಗಳಿಸಿಕೊಂಡ.

ವಿಟ್ಬಿಯ ವರ್ತಕರು

ಇದಕ್ಕೆ ಒಳ್ಳೆಯ ನಿದರ್ಶನ ಯಾರ್ಕ್‌ಷೈರಿನ ಕರಾವಳಿಯಲ್ಲಿ ಎಸ್ಕ್ ನದಿಯ ಮುಖದಲ್ಲಿರುವ ವಿಟ್ಬಿ. ಕ್ಯಾಪ್ಟನ್ ಕುಕ್ ಪೆಸಿಫಿಕ್ ಸಾಗರಕ್ಕೆ ಒಯ್ದ ‘ಎಂಡೆವರ್’ ಹಡಗು ಕಟ್ಟಲ್ಪಟ್ಟದ್ದು ಇಲ್ಲಿಯೇ. ಹಡಗು ನಿರ್ಮಾಣ, ತಿಮಿಂಗಿಲ ಬೇಟೆ, ಸ್ಫಟಿಕದ ವ್ಯಾಪಾರ ಇವು ಊರಿನ ಆಧಾರಗಳಾಗಿದ್ದವು. 1830ರ ಹೊತ್ತಿಗೆ ಇವೆಲ್ಲ ಇಳಿಮುಖವಾದವು. ಬಂದರಿನ ಬೆನ್ನಿಗೇ ಬಂಜರು ಗುಡ್ಡಗಳು ಚಾಚಿಕೊಂಡಿದ್ದರಿಂದ ಒಳನಾಡಿನ ಸಂಪರ್ಕ ಬಲು ದುರ್ಬಲವಾಗಿತ್ತು. ಊರಿನ ಪ್ರಮುಖರು ಜಾರ್ಜ್ ಸ್ಟೀಫನ್‌ಸನ್‌ನನ್ನು ಕರೆಸಿ ವರದಿ ಪಡೆದರು. 1833ರಲ್ಲಿ ಕಾಯಿದೆಯೂ ದೊರೆಯಿತು.

ಸ್ಟೀಫನ್‌ಸನ್ ಸೂಚಿಸಿದ್ದು ಉಗಿಯಂತ್ರದ ರೈಲನ್ನಲ್ಲ, ಕುದುರೆ ಎಳೆಯುವ ರೈಲನ್ನು. ನಿರೀಕ್ಷಿತ ವ್ಯಾಪಾರಕ್ಕೆ ಅಷ್ಟೇ ಸಾಕೆಂಬುದು ಅವನ ಅಂದಾಜು. ವಿಟ್ಬಿಯಿಂದ ಎಸ್ಕ್ ಕಣಿವೆಯಲ್ಲಿ ಗ್ರೋಸ್‌ಮಾಂಟ್‌ವರೆಗೆ 1835ರಲ್ಲಿಯೂ, ಅಲ್ಲಿಂದ ದಕ್ಷಿಣಕ್ಕೆ ತಿರುಗಿ ಪಿಕರಿಂಗ್‌ವರೆಗೆ 1836ರ ಮೇ ತಿಂಗಳಲ್ಲಿಯೂ ಮಾರ್ಗ ತೆರೆಯಿತು. ನಡುವೆ ಬೆಕ್ ಹೋಲ್ ಎಂಬಲ್ಲಿ ಕುದುರೆಗಳೂ ಏರಲಾಗದ ಕಡಿದಾದ ಏರು. ಅಲ್ಲಿ ಗಾಡಿಗಳನ್ನು ಹಗ್ಗಕ್ಕೆ ಕಟ್ಟಿ, ನೀರು ತುಂಬಿದ ತೊಟ್ಟಿಯ ಬಂಡಿಯೊಂದನ್ನು ಕೆಳಕ್ಕೆ ಬಿಟ್ಟು, ಅದರ ಭಾರದಿಂದ ಮೇಲಕ್ಕೆಳೆಯುತ್ತಿದ್ದರು. ನಮ್ಮ ಬಾವಿಯ ಏತದ ಲೆಕ್ಕವೇ ಇದು. ಫೆನ್ ಬಾಗ್ ಎಂಬ ಜೌಗು ನೆಲದಲ್ಲಿ ಮರದ ದಿಮ್ಮಿ, ತಡಿಕೆ, ಕುರಿಯ ತುಪ್ಪಟಗಳನ್ನು ಹಾಸಿ ಅದರ ಮೇಲೆ ಹಳಿಗಳನ್ನು ತೇಲಿಸಲಾಯಿತು.

ಖರ್ಚು ಅಂದಾಜನ್ನು ಮೀರಿ ಒಂದು ಲಕ್ಷ ಪೌಂಡ್ ದಾಟಿತು. 1845ರಲ್ಲಿ ‘ರೈಲ್ವೆ ರಾಜ’ನೆಂದು ಹೆಸರಾದ ಜಾರ್ಜ್ ಹಡ್ಸನ್ ತನ್ನ ಯಾರ್ಕ್ ಅಂಡ್ ನಾರ್ತ್ ಮಿಡ್‌ಲೆಂಡ್ ಕಂಪನಿಗಾಗಿ ಇದನ್ನು 80,000 ಪೌಂಡಿಗೆ ಕೊಂಡ. ಹೂಡಿದ ಹಣ ಪೂರ್ತಿ ಕೈಸೇರಲಿಲ್ಲ. ಆದರೆ ಗ್ರೋಸ್‌ಮಾಂಟ್ ಬಳಿ ದೊರೆತ ಕಬ್ಬಿಣದ ಅದಿರು ಈ ಹಳಿಗಳ ಮೇಲೆ ಬಂದರಿಗಿಳಿದು ಟೈನ್ ನದಿ ದಂಡೆಯ ಕುಲುಮೆಗಳಿಗೆ ಹೋಯಿತು. 1847ರಲ್ಲಿ ಉಗಿಯಂತ್ರ ಬಂದಿತು. 1865ರಲ್ಲಿ ಗ್ರೋಸ್‌ಮಾಂಟ್‌ನಿಂದ ಪಶ್ಚಿಮಕ್ಕೆ ಎಸ್ಕ್ ಕಣಿವೆಯ ಮೇಲ್ಭಾಗವನ್ನು ಹಿಡಿದು ಕಾಸಲ್‌ಟನ್‌ವರೆಗೆ ಹಳಿ ಕೂಡಿತು. ವಿಟ್ಬಿ, ಸ್ಲೈಟ್ಸ್, ಗ್ರೋಸ್‌ಮಾಂಟ್, ಗ್ಲೇಸ್‌ಡೇಲ್, ಡ್ಯಾನ್ಬಿ, ಕಾಸಲ್‌ಟನ್, ಬ್ಯಾಟರ್ಸ್‌ಬಿ ಮೂಲಕ ಮಿಡಲ್ಸ್‌ಬರೋ ಸೇರುವ ಸುಮಾರು 35 ಮೈಲಿಯ ಇಂದಿನ ಎಸ್ಕ್ ಕಣಿವೆ ಮಾರ್ಗ ರೂಪುಗೊಂಡದ್ದು ಹೀಗೆ. ಬೇರೆಬೇರೆ ಕಾಲದ ತುಂಡುಗಳನ್ನು ಜೋಡಿಸಿದ್ದರ ಗುರುತಾಗಿ ಇಂದಿಗೂ ಬ್ಯಾಟರ್ಸ್‌ಬಿಯಲ್ಲಿ ರೈಲು ದಿಕ್ಕು ಬದಲಿಸಿ ಹಿಂದುಮುಂದಾಗಿ ಹೊರಡುತ್ತದೆ.

ಕಲ್ಲು, ಹಣ್ಣು, ಉಣ್ಣೆ

ವೇಲ್ಸ್ ಪ್ರಾಂತದಲ್ಲಿ ರೈಲನ್ನು ಎಳೆತಂದದ್ದು ಛಾವಣಿಗೆ ಹೊದಿಸುವ ಸ್ಲೇಟ್ ಕಲ್ಲು. ಬ್ಲೈನಾ ಫೆಸ್ಟಿನಿಯೋಗ್ ಊರಿನ ಗಣಿಗಳಿಂದ ಪೋರ್ತ್‌ಮಾಡಾಗ್ ಬಂದರಿಗೆ 1836ರಲ್ಲಿ ತೆರೆದ ಫೆಸ್ಟಿನಿಯೋಗ್ ಕಿರುಮಾರ್ಗದಲ್ಲಿ, ತುಂಬಿದ ಗಾಡಿಗಳು ಇಳಿಜಾರಿನಲ್ಲಿ ತಮ್ಮ ಭಾರದಿಂದಲೇ ಕೆಳಗೆ ಉರುಳಿ ಬರುತ್ತಿದ್ದವು. ಬರಿದಾದ ಗಾಡಿಗಳನ್ನು ಮೇಲಕ್ಕೆ ಎಳೆಯುವ ಕುದುರೆಗಳೂ ಇಳಿಯುವಾಗ ಗಾಡಿಯೊಂದರಲ್ಲಿ ನಿಂತು ಸವಾರಿ ಮಾಡುತ್ತಿದ್ದವು. ಇಂಧನದ ಖರ್ಚೇ ಇಲ್ಲದ ಇಂಥ ಸಾಗಣೆ ಉಳಿದ ಕಂಪನಿಗಳ ಕಣ್ಣು ಕುಕ್ಕದೆ ಇರಲಿಲ್ಲ. ಲಂಡನ್ ಅಂಡ್ ನಾರ್ತ್ ವೆಸ್ಟರ್ನ್ ಕಂಪನಿ ಉತ್ತರದ ಕಡೆಯಿಂದ ಕಾನ್ವಿ ಕಣಿವೆಯನ್ನು ಹಿಡಿದು ಹಂತಹಂತವಾಗಿ ಮೇಲೇರಿತು. 1863ರಲ್ಲಿ ಲಾನ್‌ರೂಸ್ಟ್, 1868ರಲ್ಲಿ ಬೆಟ್ಸ್-ಇ-ಕೋಯ್ಡ್, ಕೊನೆಗೆ ಎರಡು ಮೈಲಿಗೂ ಮಿಕ್ಕಿದ ಸುರಂಗವನ್ನು ಕೊರೆದು 1879ರಲ್ಲಿ ಬ್ಲೈನಾ ಫೆಸ್ಟಿನಿಯೋಗ್ ತಲುಪಿತು. ಕಾನ್ವಿ ನದಿಯ ಮುಖದಲ್ಲಿರುವ ಡೆಗಾನ್ವಿಯಲ್ಲಿ ಅದಕ್ಕೆ ತನ್ನದೇ ಆದ ಸ್ಲೇಟ್ ಧಕ್ಕೆಯೂ ಇತ್ತು. ಕೆಲವೇ ವರ್ಷಗಳಲ್ಲಿ ಗ್ರೇಟ್ ವೆಸ್ಟರ್ನ್ ಕಂಪನಿಯೂ ಪೂರ್ವದಿಂದ ಬಂದಿತು. ಒಂದು ಗುಡ್ಡದ ಊರಿನ ಸರಕಿಗಾಗಿ ಮೂರು ರೈಲುಗಳು ಪೈಪೋಟಿ ನಡೆಸಿದವು.

ಇದೇ ಸೀಮೆಯ ಟಾಲಿಲಿನ್ ಮಾರ್ಗದ ಹುಟ್ಟು ಕರ್ನಾಟಕದ ವರ್ತಕರಿಗೂ ಕುತೂಹಲಕರವಾದೀತು. 1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಆರಂಭವಾಗಿ ಲ್ಯಾಂಕಷೈರಿನ ಗಿರಣಿಗಳಿಗೆ ಹತ್ತಿ ಬರುವುದು ನಿಂತಿತು. ಆ ಬಿಕ್ಕಟ್ಟಿನಲ್ಲಿ ಭಾರತದ ಹತ್ತಿಗೆ ಬೇಡಿಕೆ ಏರಿ, ಧಾರವಾಡ ಸೀಮೆಯ ಬೆಳೆಗಾರರೂ ದಲಾಲರೂ ಹಿಂದೆಂದೂ ಕಾಣದ ಬೆಲೆಗಳನ್ನು ಕಂಡರು. ಮ್ಯಾಂಚೆಸ್ಟರಿನ ಗಿರಣಿ ಮಾಲೀಕ ವಿಲಿಯಂ ಮ್ಯಾಕ್‌ಕಾನೆಲ್ ಮತ್ತು ಸಂಗಡಿಗರಾದರೋ ತಮ್ಮ ಬಂಡವಾಳವನ್ನು ಹತ್ತಿಯಿಂದಾಚೆಗೆ ತಿರುಗಿಸಲು ಬಯಸಿ ವೇಲ್ಸಿನ ಬ್ರಿನ್ ಎಗ್ಲುಯಿಸ್ ಸ್ಲೇಟ್ ಗಣಿಯನ್ನು ಹಿಡಿದರು. ಅಲ್ಲಿಂದ ಟೈವಿನ್ ಎಂಬ ಕಡಲತೀರದ ಊರಿಗೆ ಏಳು ಮೈಲಿಗಳ ಕಿರುಮಾರ್ಗವನ್ನು 1865–66ರಲ್ಲಿ ಹಾಕಿಸಿದರು. ಒಂದೇ ಯುದ್ಧದ ಫಲ ಧಾರವಾಡದಲ್ಲಿ ಒಂದು ಬಗೆ, ವೇಲ್ಸಿನ ಕಣಿವೆಯಲ್ಲಿ ಮತ್ತೊಂದು ಬಗೆ.

ಡೆವನ್–ಕಾರ್ನ್‌ವಾಲ್ ಗಡಿಯ ಟೇಮರ್ ಕಣಿವೆಯ ಸರಕು ಬೇಗ ಕೆಡುವಂಥದು: ಸ್ಟ್ರಾಬೆರಿ, ಚೆರ್ರಿ, ಹೂವು. ಲಂಡನ್ನಿನ ಕವೆಂಟ್ ಗಾರ್ಡನ್ ಮಾರುಕಟ್ಟೆಯಲ್ಲಿ ಋತುವಿನ ಮೊದಲ ಹಣ್ಣಿಗೆ ಸಿಗುವ ಬೆಲೆ ಒಂದು ವಾರ ತಡವಾದರೆ ಸಿಗದು. ಕಣಿವೆಯ ದಕ್ಷಿಣದ ಇಳುಕಲು ಬಿಸಿಲಿಗೆ ಮೈಯೊಡ್ಡಿದ್ದರಿಂದ ಬೆಳೆ ಮುಂಚಿತವಾಗಿ ಬರುತ್ತಿತ್ತು. ರೈಲು ಅದನ್ನು ತಡಮಾಡದೆ ಒಯ್ಯಬೇಕಿತ್ತು. 1908ರಲ್ಲಿ ತೆರೆದ ಮಾರ್ಗಕ್ಕಾಗಿ ಕಾಲ್ಸ್ಟಾಕ್ ಬಳಿ ನದಿಯನ್ನು ದಾಟಲು 120 ಅಡಿ ಎತ್ತರದ, ಹನ್ನೆರಡು ಕಮಾನುಗಳ ಸೇತುವೆಯನ್ನು ಕಾಂಕ್ರೀಟಿನ ಇಟ್ಟಿಗೆಗಳಿಂದ ಕಟ್ಟಲಾಯಿತು. ಕೆಳಗಿನ ಧಕ್ಕೆಗೆ ವ್ಯಾಗನ್ನುಗಳನ್ನು ಇಳಿಸಲು ಸೇತುವೆಯ ಮಗ್ಗುಲಲ್ಲೇ ಉಗಿಯಂತ್ರದ ಲಿಫ್ಟು ಕೂಡ ಇತ್ತು.

ಸ್ಕಾಟ್‌ಲೆಂಡಿನ ಗಡಿನಾಡಿನಲ್ಲಿ ಉಣ್ಣೆ ಬಟ್ಟೆಯ ಊರುಗಳಾದ ಗ್ಯಾಲಶೀಲ್ಸ್ ಮತ್ತು ಹಾಯಿಕ್‌ಗಳಿಗೆ 1849ರಲ್ಲಿ ರೈಲು ಬಂದಿತು. ಎಡಿನ್‌ಬರೋದಿಂದ ಹೊರಟು ಗಾಲಾ ನದಿಯನ್ನು ಮತ್ತೆಮತ್ತೆ ದಾಟುತ್ತ ಗ್ಯಾಲಶೀಲ್ಸ್ ಸೇರಿ, ಮುಂದೆ ಹಾಯಿಕ್ ದಾಟಿ 1862ರಲ್ಲಿ ಇಂಗ್ಲೆಂಡಿನ ಕಾರ್ಲೈಲ್ ತಲುಪಿದ 98 ಮೈಲಿಯ ಈ ದಾರಿಗೆ ‘ವೇವರ್ಲಿ ಮಾರ್ಗ’ವೆಂಬ ಹೆಸರು ಬಂದಿತು. ಎಡಿನ್‌ಬರೋ ಸುತ್ತಿನ ಗಣಿಗಳ ಕಲ್ಲಿದ್ದಲು ಗಿರಣಿಗಳ ಬಾಗಿಲಿಗೆ ಬಂದಿತು, ಟ್ವೀಡ್ ಬಟ್ಟೆಯ ಗಂಟುಗಳು ಅದೇ ಹಳಿಯ ಮೇಲೆ ಹೊರಟವು.

ಲಾರಿಯ ದರ, ರೈಲಿನ ದರ

ಕಣಿವೆ ಮಾರ್ಗಗಳ ಜೀವಾಳ ಸರಕೇ ಹೊರತು ಪ್ರಯಾಣಿಕರಲ್ಲ. ಆದುದರಿಂದ ಅವುಗಳ ಪತನದ ಮೂಲವನ್ನೂ ಸರಕಿನಲ್ಲಿಯೇ ಹುಡುಕಬೇಕು. ಮೊದಲನೆಯ ಮಹಾಯುದ್ಧ ಮುಗಿದ ಮೇಲೆ ಸೈನ್ಯ ಮಾರಿದ ಲಾರಿಗಳನ್ನು ಅಗ್ಗದಲ್ಲಿ ಕೊಂಡು ಸಾವಿರಾರು ಮಂದಿ ಸಾಗಣೆಗೆ ಇಳಿದರು. ರೈಲ್ವೆಗಳ ಕೈ ಕಾನೂನಿನಿಂದ ಕಟ್ಟಿತ್ತು. ಯಾರು ಯಾವ ಸರಕನ್ನು ತಂದರೂ ಅವು ಒಯ್ಯಲೇಬೇಕು, ದರಪಟ್ಟಿಯನ್ನು ಬಹಿರಂಗವಾಗಿ ಪ್ರಕಟಿಸಲೇಬೇಕು. ಲಾರಿಯವನು ಆ ಪಟ್ಟಿಯನ್ನು ನೋಡಿ, ಲಾಭದ ಸರಕಿಗೆ ಒಂದಿಷ್ಟು ಕಡಿಮೆ ಹೇಳಿ ಎತ್ತಿಕೊಂಡು ಹೋಗುತ್ತಿದ್ದ. ಗಿಟ್ಟದ ಸರಕನ್ನು ರೈಲಿಗೆ ಬಿಡುತ್ತಿದ್ದ. ಒಯ್ಯಲೇಬೇಕೆಂಬ ಈ ಕಟ್ಟುಪಾಡು ಪೂರ್ಣವಾಗಿ ತೊಲಗಿದ್ದು 1962ರ ಸಾರಿಗೆ ಕಾಯಿದೆಯಿಂದ. ಅಷ್ಟರಲ್ಲಿ ನಲವತ್ತು ವರ್ಷಗಳು ಕಳೆದಿದ್ದವು. ಇದರ ನಡುವೆ 1955ರ ಮೇ–ಜೂನ್‌ನಲ್ಲಿ ಎಂಜಿನ್ ಚಾಲಕರು ಹದಿನೇಳು ದಿನ ಮುಷ್ಕರ ಹೂಡಿದಾಗ ಲಾರಿಯನ್ನು ಹಿಡಿದ ವರ್ತಕರಲ್ಲಿ ಅನೇಕರು ಹಿಂತಿರುಗಿ ಬರಲಿಲ್ಲ.

ಬೀಚಿಂಗ್ ವರದಿ ಎಣಿಸಿದ್ದೇನು?

1948ರಲ್ಲಿ ರಾಷ್ಟ್ರೀಕರಣಗೊಂಡ ಬ್ರಿಟಿಷ್ ರೈಲ್ವೆಯ ನಷ್ಟ 1962ರಲ್ಲಿ ಹತ್ತು ಕೋಟಿ ಪೌಂಡ್ ದಾಟಿತ್ತು. ಐ.ಸಿ.ಐ. ರಾಸಾಯನಿಕ ಕಂಪನಿಯಿಂದ ಬಂದು ಅಧ್ಯಕ್ಷರಾದ ಡಾ. ರಿಚರ್ಡ್ ಬೀಚಿಂಗ್ 1963ರ ಮಾರ್ಚ್ 27ರಂದು ತಮ್ಮ ವರದಿಯನ್ನು ಪ್ರಕಟಿಸಿದರು. 2,363 ನಿಲ್ದಾಣಗಳನ್ನೂ ಸುಮಾರು 5,000 ಮೈಲಿ ಮಾರ್ಗವನ್ನೂ ಮುಚ್ಚಬೇಕೆಂಬುದು ಅದರ ಸಲಹೆ. ಮಾರ್ಗದ ಮೂರನೆಯ ಒಂದು ಭಾಗದ ಮೇಲೆ ಒಟ್ಟು ಪ್ರಯಾಣಿಕ ಸಂಚಾರದ ಕೇವಲ ಶೇ. 1ರಷ್ಟು ಮಾತ್ರ ನಡೆಯುತ್ತಿದೆ ಎಂಬುದು ಅದರ ಬಲವಾದ ಆಧಾರ.

ವರದಿಯನ್ನು ಬರಿಯ ಕಟುಕತನವೆಂದು ತಳ್ಳಿಹಾಕುವುದು ಸರಿಯಲ್ಲ. ಒಂದು ವ್ಯಾಗನ್ ಒಮ್ಮೆ ತುಂಬಿದ ಮೇಲೆ ಮತ್ತೆ ತುಂಬಲು ಸರಾಸರಿ ಸುಮಾರು 12 ಕೆಲಸದ ದಿನಗಳು ಹಿಡಿಯುತ್ತಿದ್ದವೆಂದು ಅದು ತೋರಿಸಿತು. ಯಾವ ತಯಾರಕನೂ ತನ್ನ ಯಂತ್ರವನ್ನು ಹಾಗೆ ನಿಲ್ಲಿಸಿಟ್ಟುಕೊಂಡು ಬಾಳಲಾರ. ಕಂಟೇನರುಗಳನ್ನು ನಿಗದಿತ ವೇಳೆಗೆ ಊರಿಂದೂರಿಗೆ ಒಯ್ಯುವ ರೈಲುಗಳ ಸಲಹೆಯೂ ಅದರಲ್ಲಿತ್ತು; 1965ರಲ್ಲಿ ಆರಂಭವಾದ ಫ್ರೈಟ್‌ಲೈನರ್ ಸೇವೆ ಅದರ ಫಲ.

ಆದರೆ ಶಾಖಾ ಮಾರ್ಗಗಳ ಲೆಕ್ಕ ಹಾಕಿದ ಬಗೆಯಲ್ಲಿ ದೊಡ್ಡ ಕೊರತೆಗಳಿದ್ದವು. ಸಂಚಾರದ ಎಣಿಕೆಗೆ ಆಧಾರವಾದದ್ದು 1961ರ ಏಪ್ರಿಲ್ 23ಕ್ಕೆ ಮುಗಿದ ಒಂದೇ ಒಂದು ವಾರ. ವಿಟ್ಬಿಯಂಥ ಕಡಲತೀರದ ಊರಿಗೆ ಪ್ರಯಾಣಿಕರು ಕಿಕ್ಕಿರಿದು ಬರುವುದು ಬೇಸಿಗೆಯ ಜುಲೈ–ಆಗಸ್ಟ್‌ನಲ್ಲಿ. ದೀಪಾವಳಿಯ ವ್ಯಾಪಾರವನ್ನು ಆಷಾಢದ ವಾರವೊಂದರ ಖಾತೆ ನೋಡಿ ಅಳೆದಂತಾಯಿತು. ಇನ್ನೊಂದು ತೊಡಕು ಜಂಕ್ಷನ್ನಿನದು. ಕಣಿವೆಯ ಊರಿನಿಂದ ಹೊರಟ ಗಂಟು ಅಥವಾ ಪ್ರಯಾಣಿಕ ಹತ್ತು ಮೈಲಿ ಶಾಖಾ ಮಾರ್ಗದಲ್ಲಿ, ಇನ್ನೂರು ಮೈಲಿ ಪ್ರಧಾನ ಮಾರ್ಗದಲ್ಲಿ ಸಾಗಿದರೆ, ಆ ಇನ್ನೂರು ಮೈಲಿಯ ಹಣ ಯಾರ ಖಾತೆಗೆ? ಶಾಖೆ ಮುಚ್ಚಿದರೂ ಜನ ಬಸ್ಸು ಹಿಡಿದು ಜಂಕ್ಷನ್ನಿಗೆ ಬಂದೇ ಬರುತ್ತಾರೆಂದು ಅಧಿಕಾರಿಗಳು ಎಣಿಸಿದರು. ಜನ ಬರಲಿಲ್ಲ. ಕಾರು ಕೊಂಡವರು ಮನೆಬಾಗಿಲಿನಿಂದಲೇ ಊರು ತಲುಪಿದರು. ಬದಲಿ ಬಸ್ಸುಗಳು ಹಲವೆಡೆ ಕೆಲವೇ ವರ್ಷಗಳಲ್ಲಿ ನಿಂತುಹೋದವು.

ವರ್ತಕರ ದೃಷ್ಟಿಯಿಂದ ಮತ್ತೊಂದು ಸಂಗತಿ ಇನ್ನೂ ಗಂಭೀರ. 1962ರ ಕಾಯಿದೆಯಂತೆ ಪ್ರಯಾಣಿಕ ಸೇವೆಯನ್ನು ಮುಚ್ಚುವ ಮುನ್ನ ಬಳಕೆದಾರರ ಸಲಹಾ ಸಮಿತಿ ಆಕ್ಷೇಪಣೆಗಳನ್ನು ಕೇಳಬೇಕಿತ್ತು. ಅಲ್ಲಿಯೂ ‘ಜನರಿಗೆ ತೊಂದರೆಯಾಗುವುದೇ’ ಎಂಬುದಷ್ಟೇ ವಿಚಾರಣೆಯ ವಿಷಯ. ರೈಲ್ವೆ ಮುಂದಿಟ್ಟ ನಷ್ಟದ ಅಂಕಿಗಳನ್ನು ಪ್ರಶ್ನಿಸುವಂತಿರಲಿಲ್ಲ. ಸರಕು ಸೇವೆಯನ್ನು ನಿಲ್ಲಿಸುವುದಕ್ಕಾದರೋ ಇಂಥ ವಿಚಾರಣೆಯೇ ಬೇಕಿರಲಿಲ್ಲ. ಯಾವ ವರ್ತಕರ ಅಜ್ಜಂದಿರು ಷೇರು ಹಾಕಿ ಹಳಿ ತಂದಿದ್ದರೋ, ಅವರ ಮೊಮ್ಮಕ್ಕಳಿಗೆ ಗೂಡ್ಸ್ ಷೆಡ್ಡಿನ ಬಾಗಿಲು ಮುಚ್ಚುವಾಗ ಮಾತನಾಡಲು ಒಂದು ವೇದಿಕೆಯೂ ಇರಲಿಲ್ಲ.

ಉಳಿದವು ಉಳಿದದ್ದು ಹೇಗೆ?

ವಿಟ್ಬಿಗೆ ಹೋಗುವ ಮೂರು ಮಾರ್ಗಗಳೂ ಮುಚ್ಚುವ ಪಟ್ಟಿಯಲ್ಲಿದ್ದವು. 1965ರ ಮಾರ್ಚ್‌ನಲ್ಲಿ ಸ್ಕಾರ್‌ಬರೋ ಮಾರ್ಗವೂ, ಸ್ಟೀಫನ್‌ಸನ್ನನ ಹಳೆಯ ಪಿಕರಿಂಗ್ ಮಾರ್ಗವೂ ಮುಚ್ಚಿದವು. ಎಸ್ಕ್ ಕಣಿವೆಯ ಮಾರ್ಗ ಮಾತ್ರ ಉಳಿಯಿತು. ಅದು ಲಾಭ ತಂದುದರಿಂದಲ್ಲ. ಕಡಿದಾದ ಇಕ್ಕಟ್ಟು ರಸ್ತೆಗಳಲ್ಲಿ, ಅದರಲ್ಲೂ ಹಿಮ ಬೀಳುವ ಚಳಿಗಾಲದಲ್ಲಿ, ಶಾಲೆಯ ಮಕ್ಕಳನ್ನು ಬಸ್ಸಿನಲ್ಲಿ ಕರೆದೊಯ್ಯುವುದು ಕಷ್ಟವಾಗಿತ್ತು. ಟೇಮರ್ ಕಣಿವೆಯ ಕಥೆಯೂ ಹಾಗೆಯೇ. ನದಿಗೆ ರೈಲು ಸೇತುವೆಯಿತ್ತು, ಹತ್ತಿರದಲ್ಲಿ ರಸ್ತೆ ಸೇತುವೆಯಿರಲಿಲ್ಲ. ಕೊನೆಯ ತುಂಡು 1966ರಲ್ಲಿ ಮುಚ್ಚಿದರೂ ಪ್ಲಿಮತ್‌ನಿಂದ ಗನಿಸ್‌ಲೇಕ್‌ವರೆಗೆ ರೈಲು ಓಡುತ್ತಲೇ ಬಂದಿದೆ. ಕಾನ್ವಿ ಕಣಿವೆಗೆ ನೆರವಾದದ್ದು ಮತ್ತೂ ವಿಚಿತ್ರ: 1965ರಲ್ಲಿ ವಿದ್ಯುತ್ ಉತ್ಪಾದಿಸತೊಡಗಿದ ಟ್ರೌಸ್‌ವಿನಿಡ್ ಅಣುಸ್ಥಾವರದ ಬಳಸಿದ ಇಂಧನವನ್ನು ಸಾಗಿಸಲು ಆ ಹಳಿ ಬೇಕಾಯಿತು. ಸ್ಲೇಟಿಗಾಗಿ ಕೊರೆದ ಸುರಂಗದೊಳಗೆ ಅಣು ಇಂಧನದ ಪೆಟ್ಟಿಗೆಗಳು ಹೋದವು. ಕಣಿವೆಯ ಹಳಿಗೆ ನದಿಯೇ ಶತ್ರುವಾಗುವುದೂ ಉಂಟು. 2019ರ ಮಾರ್ಚ್ ಮತ್ತು 2020ರ ಫೆಬ್ರವರಿಯ ಪ್ರವಾಹಗಳಲ್ಲಿ ಕಾನ್ವಿ ಮಾರ್ಗ ಎರಡು ಬಾರಿ ಕೊಚ್ಚಿಹೋಗಿ, ಪ್ರತಿ ಸಲವೂ ತಿಂಗಳುಗಟ್ಟಲೆ ಮುಚ್ಚಿತ್ತು.

ಲಾಭವಿಲ್ಲದಿದ್ದರೂ ಸಮಾಜಕ್ಕೆ ಅಗತ್ಯವಾದ ಮಾರ್ಗಕ್ಕೆ ಸರ್ಕಾರ ನೇರವಾಗಿ ಅನುದಾನ ಕೊಡಬಹುದೆಂಬ ತತ್ತ್ವವನ್ನು 1968ರ ಸಾರಿಗೆ ಕಾಯಿದೆ ಒಪ್ಪಿತು. ಅಷ್ಟರಲ್ಲಿ ಸಾವಿರಾರು ಮೈಲಿ ಹಳಿ ಕಿತ್ತುಹೋಗಿತ್ತು.

ಮುಚ್ಚಿದ ಕೆಲವು ಮಾರ್ಗಗಳನ್ನು ಆಸಕ್ತರು ತಾವೇ ಕೈಗೆತ್ತಿಕೊಂಡರು. ಟಾಲಿಲಿನ್ ಗಣಿ 1946ರಲ್ಲಿ ಮುಚ್ಚಿ, ನಷ್ಟದಲ್ಲೇ ರೈಲನ್ನು ನಡೆಸಿಕೊಂಡು ಬಂದಿದ್ದ ಮಾಲೀಕ ಸರ್ ಹೆನ್ರಿ ಹೇಡನ್ ಜೋನ್ಸ್ 1950ರಲ್ಲಿ ತೀರಿಕೊಂಡಾಗ, ಲೇಖಕ ಟಾಮ್ ರೋಲ್ಟ್ ಮತ್ತು ಗೆಳೆಯರು ಸಂಘ ಕಟ್ಟಿ 1951ರ ಮೇ ತಿಂಗಳಿಂದ ಸ್ವಯಂಸೇವಕರ ಬಲದಿಂದ ಅದನ್ನು ಓಡಿಸಿದರು. ಜಗತ್ತಿನಲ್ಲಿ ಹೀಗೆ ಉಳಿಸಿಕೊಂಡ ಮೊದಲ ರೈಲು ಅದೇ. ಸೆವರ್ನ್ ಕಣಿವೆಯ ಮಾರ್ಗ 1970ರಲ್ಲಿಯೂ, ಪಿಕರಿಂಗ್ ಮಾರ್ಗ 1973ರಲ್ಲಿಯೂ ಇದೇ ಬಗೆಯಲ್ಲಿ ಮರುಹುಟ್ಟು ಪಡೆದವು. ಇವುಗಳ ಸರಕು ಈಗ ಪ್ರವಾಸಿಗಳು. ವಿಟ್ಬಿಯ ಹೋಟೆಲು, ಅಂಗಡಿಗಳವರಿಗೆ ಪಿಕರಿಂಗ್‌ನ ಉಗಿರೈಲು ತರುವ ಗಿರಾಕಿಗಳು ಕಡಿಮೆಯೇನಲ್ಲ.

ವೇವರ್ಲಿ ಮಾರ್ಗದ ಕೊನೆಯ ರೈಲು 1969ರ ಜನವರಿ 5ರ ರಾತ್ರಿ ಎಡಿನ್‌ಬರೋ ಬಿಟ್ಟಿತು. ನ್ಯೂಕ್ಯಾಸಲ್‌ಟನ್ ಹಳ್ಳಿಯ ಜನ ಗೇಟುಗಳನ್ನು ಮುಚ್ಚಿ ಹಳಿಯ ಮೇಲೆ ನಿಂತರು. ಊರಿನ ಪಾದ್ರಿಯನ್ನು ಪೊಲೀಸರು ಬಂಧಿಸಿದರು. ರೈಲಿನಲ್ಲಿದ್ದ ಪಾರ್ಲಿಮೆಂಟ್ ಸದಸ್ಯ ಡೇವಿಡ್ ಸ್ಟೀಲ್ ಮಧ್ಯೆ ಪ್ರವೇಶಿಸಿದ ಮೇಲೆಯೇ ಅದು ಮುಂದೆ ಹೋದದ್ದು. ಹಳಿ ಕಿತ್ತರು, ದಾರಿಯ ನೆಲವನ್ನು ಅಲ್ಲಲ್ಲಿ ಮಾರಿದರು, ಕೆಲವೆಡೆ ರಸ್ತೆ, ಕಟ್ಟಡಗಳು ಬಂದವು. ನಲವತ್ತಾರು ವರ್ಷಗಳ ತರುವಾಯ, 2015ರ ಸೆಪ್ಟೆಂಬರ್ 6ರಂದು, ಎಡಿನ್‌ಬರೋ ಕಡೆಯಿಂದ ಗಾಲಾ ಕಣಿವೆಯ ಮೂಲಕ ಟ್ವೀಡ್‌ಬ್ಯಾಂಕ್‌ವರೆಗಿನ ಸುಮಾರು 30 ಮೈಲಿ ಮತ್ತೆ ತೆರೆಯಿತು. ಖರ್ಚು 29 ಕೋಟಿ ಪೌಂಡಿಗೂ ಮಿಕ್ಕಿತು. ಮೊದಲ ವರ್ಷದಲ್ಲೇ ಹತ್ತು ಲಕ್ಷಕ್ಕೂ ಹೆಚ್ಚು ಪ್ರಯಾಣಗಳು ನಡೆದವು. ಗ್ಯಾಲಶೀಲ್ಸ್, ಟ್ವೀಡ್‌ಬ್ಯಾಂಕ್ ನಿಲ್ದಾಣಗಳ ಬಳಕೆ ಅಂದಾಜನ್ನು ಬಹುವಾಗಿ ಮೀರಿತು. ಉಳಿದ 68 ಮೈಲಿ ಹಾಗೆಯೇ ಇದೆ. ಹಾಯಿಕ್ ಊರಿಗೆ ರೈಲು ಮರಳಿಲ್ಲ. ಖರ್ಚು ತಗ್ಗಿಸಲು ಬಹುಭಾಗ ಒಂಟಿ ಹಳಿಯನ್ನೇ ಹಾಕಿರುವ ಈ ಹೊಸ ಮಾರ್ಗದಲ್ಲಿ ಸರಕು ಸೇವೆಯಿಲ್ಲ. ಗಡಿನಾಡಿನ ಗಿರಣಿಗಳ ಬಟ್ಟೆ ಇಂದಿಗೂ ಲಾರಿಯಲ್ಲೇ ಹೊರಡುತ್ತದೆ.